ಕನಸು ಬಿತ್ತು, ಕನಸು ಕಂಡೆ

(ದೇವನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ವಿಷಯದ ಆಯ್ಕೆಯನ್ನು ನನಗೇ ಬಿಟ್ಟುದು ಈ ದತ್ತಿಯ ಹಿರಿಯರ ಔದಾರ್ಯ; ಆ ಔದಾರ್ಯವನ್ನೇ ಆಶ್ರಯಿಸಿ, ಹಿಡಿಯಹೋದರೆ ಬೆರಳ ಸಂದಿಯಿಂದ ಸೋರಿಹೋಗುವ ಕನಸೆಂಬ ವಸ್ತುವನ್ನು ಆರಿಸಿಕೊಂಡುದು ನನ್ನ ಅವಿವೇಕ. ಸುದ್ದಿ ಕೇಳಿದ ನನ್ನ ಮನೆಯವರು, ರಾತ್ರಿ ಎರಡು ಗಂಟೆಗೇ ಎದ್ದು ಕೂಡುವ ಮುದುಕನಿಗೆ ನಿದ್ರೆಗೇ ಗತಿಯಿಲ್ಲ, ಇನ್ನು ಕನಸಿನ ಮಾತೇ ಎಂದು ನಕ್ಕರು. ನಗೆಯಲ್ಲಿ ನ್ಯಾಯವಿದೆ. ಆದರೆ ನಿದ್ರೆ ತುಂಬಿ ತುಳುಕುವ ವಯಸ್ಸಿನಲ್ಲಿ ಯಾರೂ ನಿದ್ರೆಯನ್ನು ಕುರಿತು ಚಿಂತಿಸುವುದಿಲ್ಲ. ಕೊಡ ಬರಿದಾಗುತ್ತ ಬಂದಾಗಲೇ ತಳದಲ್ಲಿ ಏನಿದೆಯೆಂದು ಇಣಿಕಿ ನೋಡುವ ಬುದ್ಧಿ ಹುಟ್ಟುವುದು.

ಮೊದಲು ಮಾತಿನಿಂದಲೇ ಆರಂಭಿಸುತ್ತೇನೆ. ನಮ್ಮ ಸೀಮೆಯ ಆಡುಮಾತಿನಲ್ಲಿ ಕನಸು ಬೀಳುತ್ತದೆ. 'ರಾತ್ರಿ ಒಂದು ಕನಸು ಬಿತ್ತು ಕಣಪ್ಪಾ' ಎಂದು ನಮ್ಮಜ್ಜಿ ಬೆಳಗ್ಗೆ ಒಲೆಯ ಮುಂದೆ ಕುಳಿತು ಹೇಳುತ್ತಿದ್ದಳೇ ಹೊರತು ಕನಸು ಕಂಡೆನೆಂದು ಅವಳು ಒಂದು ದಿನವೂ ಅಂದವಳಲ್ಲ. ಮಳೆ ಬೀಳುತ್ತದೆ, ಮಂಜು ಬೀಳುತ್ತದೆ, ಏಟು ಬೀಳುತ್ತದೆ. ಅಂತೆಯೇ ಕನಸೂ ಬೀಳುತ್ತದೆ. ಬೀಳುವುದಕ್ಕೆ ಕಾರಣ ಮೇಲಿರುವುದು, ಬಿದ್ದದ್ದನ್ನು ತಾಳಿಕೊಳ್ಳುವ ನೆಲ ಮಾತ್ರ ನಾವು. ಶಾಲೆಗೆ ಹೋಗಿ ಪುಸ್ತಕದ ಕನ್ನಡ ಕಲಿತ ಮೇಲೆ ನಾನು ಕನಸು 'ಕಾಣ'ತೊಡಗಿದೆ. ಕಾಣುವುದೆಂದರೆ ಅಲ್ಲಿ ಕಣ್ಣಿದೆ, ಕಾಣುವವನೊಬ್ಬನಿದ್ದಾನೆ, ಕಂಡದ್ದಕ್ಕೆ ಅವನು ಹೊಣೆ. ಈ ಎರಡು ಕ್ರಿಯಾಪದಗಳ ನಡುವಣ ಅಂತರದಲ್ಲಿಯೇ ನಾನು ಇಂದು ಹೇಳಬೇಕಾದುದೆಲ್ಲವೂ ಅಡಗಿದೆ. ಇನ್ನೊಂದು ಪದವನ್ನೂ ಜೊತೆಗಿಟ್ಟುಕೊಳ್ಳೋಣ. ನಿದ್ರೆ ಕಳೆದು ಕಣ್ದೆರೆದಿರುವುದು ಕನ್ನಡದಲ್ಲಿ ಎಚ್ಚರ. ಮೋಸಹೋಗದಂತೆ ನೋಡಿಕೊಂಡು ನಡೆಯುವುದೂ ಎಚ್ಚರವೇ. ಈ ಎರಡು ಅರ್ಥಗಳನ್ನು ಒಂದೇ ಪದದಲ್ಲಿ ಕಟ್ಟಿಹಾಕಿದ ನಮ್ಮ ಪೂರ್ವಿಕರು ತಿಳಿದು ಮಾಡಿದರೋ ತಿಳಿಯದೆ ಮಾಡಿದರೋ, ಬಹಳ ದೊಡ್ಡ ಕೆಲಸವನ್ನೇ ಮಾಡಿದರು.

ನಾನು ಹುಟ್ಟಿ ಬೆಳೆದುದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ. ನಡುಮನೆಯಲ್ಲಿ ಮಗ್ಗ, ಅದರ ಪಕ್ಕದ ಗೋಡೆಗೆ ತಲೆಯಿಟ್ಟು ನಾವು ಮಕ್ಕಳು ಮಲಗುತ್ತಿದ್ದೆವು. ಹಬ್ಬದ ಮುಂದೆ ಸೀರೆ ಮುಗಿಸಬೇಕಾದಾಗ ತಂದೆ ರಾತ್ರಿಯೆಲ್ಲಾ ನೇಯುವರು; ಲಾಳಿ ಅತ್ತಿಂದಿತ್ತ ಓಡುವ ಸದ್ದಿಗೆ ನಮಗೆ ಗಾಢವಾದ ನಿದ್ರೆ ಬರುತ್ತಿತ್ತು. ಆಶ್ಚರ್ಯವೆಂದರೆ, ಸದ್ದು ನಡೆಯುತ್ತಿದ್ದಷ್ಟು ಹೊತ್ತೂ ಎಚ್ಚರವಾಗದ ಅಜ್ಜಿಗೆ, ಎಳೆ ಕಡಿದು ಮಗ್ಗ ನಿಂತೊಡನೆ ಎಚ್ಚರವಾಗುವುದು. ಗೊರಕೆ ಹೊಡೆಯುತ್ತಿದ್ದವಳು ಥಟ್ಟನೆ ಎದ್ದು, 'ಎಳೆ ಹೋಯ್ತೇನಪ್ಪಾ?' ಎಂದು ಕತ್ತಲಿನಲ್ಲೇ ಕೇಳುವಳು. ಸದ್ದಿಗಲ್ಲ, ಸದ್ದಿಲ್ಲದಿರುವಿಕೆಗೆ ಎಚ್ಚೆತ್ತ ಆ ಕಿವಿ ನಿದ್ರಿಸುತ್ತಿತ್ತೇ, ಎದ್ದಿತ್ತೇ? ನಿದ್ರೆಯೊಳಗೂ ಯಾರೋ ಒಬ್ಬರು ಕಾವಲಿರುತ್ತಾರೆಂಬ ಸಂಶಯ ನನ್ನಲ್ಲಿ ಮೊದಲು ಮೊಳೆತುದು ಅಂದು. ಉಪನಿಷತ್ತಿನ ಪುಟ ತೆರೆದುದು ಅದೆಷ್ಟೋ ವರ್ಷಗಳ ತರುವಾಯ.

ಅಜ್ಜಿಯ ಕನಸುಗಳಿಗಿಂತ ತಾಯಿಯ ಕನಸುಗಳು ಭಯಂಕರವಾಗಿದ್ದುವು. ಒಂದು ವರ್ಷ ಮೇಲಿಂದ ಮೇಲೆ ಅವಳಿಗೆ ಹಾವಿನ ಕನಸು. ತೊಟ್ಟಿಲ ಕೆಳಗೆ ಹಾವು, ನೂಲಿನ ಬುಟ್ಟಿಯಲ್ಲಿ ಹಾವು. ದೊಡ್ಡಬಳ್ಳಾಪುರದ ಸುತ್ತಮುತ್ತ ಹಾವಿನ ಕನಸಿಗೆ ಅರ್ಥವನ್ನು ಹುಡುಕುವ ಶ್ರಮವಿಲ್ಲ. ಅರ್ಥವೂ ಪರಿಹಾರವೂ ಒಂದೇ ದಾರಿಯಲ್ಲಿವೆ, ಆ ದಾರಿ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುತ್ತದೆ. 'ಏನೂಂದ್ರೆ, ಮತ್ತೆ ಬಂದಿತ್ತು. ಘಾಟಿಗೆ ಹೋಗಿಬಂದ್ಬಿಡೋಣ' ಎಂದು ಅವಳು, 'ಈ ಸೀರೆ ಇಳಿಯಲಿ' ಎಂದು ತಂದೆ. ಹೀಗೆ ಮೂರು ಸೀರೆ ಇಳಿದ ಮೇಲೆ ಹೊರಟೆವು. ಹೋದವರು ಕಂಡಿರುತ್ತೀರಿ: ಆಲದ ಅಶ್ವತ್ಥದ ಬುಡದಲ್ಲೆಲ್ಲ ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳ ಸಾಲು ಸಾಲು, ಗರ್ಭಗುಡಿಯಲ್ಲಿ ಒಂದೇ ಶಿಲೆಯ ಪೂರ್ವಮುಖದಲ್ಲಿ ಸುಬ್ರಹ್ಮಣ್ಯ, ಪಶ್ಚಿಮಮುಖದಲ್ಲಿ ನರಸಿಂಹ, ಬೆನ್ನ ಬದಿಯ ನರಸಿಂಹನು ಭಕ್ತರಿಗೆ ತೋರಲೆಂದು ಹಿಂದೆ ನಿಲ್ಲಿಸಿದ ಕನ್ನಡಿ. ನಾನು ಹುಡುಗ, ಸುಬ್ರಹ್ಮಣ್ಯನನ್ನು ನೋಡಿದುದು ನೆನಪಿಲ್ಲ, ಕನ್ನಡಿಯಲ್ಲಿ ತೋರಿದ ಇನ್ನೊಂದು ಮುಖವನ್ನು ಮರೆತಿಲ್ಲ. ಅಲ್ಲಿಂದ ಬಂದ ಮೇಲೆ ತಾಯಿಗೆ ಹಾವಿನ ಕನಸು ನಿಂತುಹೋಯಿತು. ನಿಂತುದಕ್ಕೆ ದೇವರು ಕಾರಣವೆಂದು ಅವಳು, ಹೋಗಿಬಂದೆನೆಂಬ ಸಮಾಧಾನ ಕಾರಣವೆಂದು ಕಾಲೇಜು ಸೇರಿದ ನಾನು ಬಹುಕಾಲ ವಾದಿಸಿದೆವು. ಕನಸು ನಿಂತುದರ ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಇನ್ನು ನಾವು ಕುಳಿತಿರುವ ಈ ಊರಿಗೆ ಬರುತ್ತೇನೆ. ಚಕ್ಕೋತಕ್ಕೆ ಹೆಸರಾದ, ಈಚೆಗೆ ವಿಮಾನಗಳಿಗೆ ಹೆಸರಾದ ದೇವನಹಳ್ಳಿ, ಕನಸಿನ ಚರಿತ್ರೆಯಲ್ಲಿಯೂ ಹೆಸರಿಸಲೇಬೇಕಾದ ಊರೆಂಬುದನ್ನು ಇಲ್ಲಿಯವರೇ ಅಷ್ಟಾಗಿ ನೆನೆಯುವುದಿಲ್ಲ. ಕೋಟೆಯ ಹೊರಗೆ ಸಣ್ಣ ಕಂಬಗಳ ಒಂದು ಆವರಣವಿದೆ, ಅದರಲ್ಲಿ ಬರೆಹವುಳ್ಳ ಒಂದು ಕಲ್ಲುಹಲಗೆ. 1750ರಲ್ಲಿ ಟಿಪ್ಪು ಸುಲ್ತಾನನು ಹುಟ್ಟಿದ ಸ್ಥಳವದು. ಆತನ ಹೆಸರೆತ್ತಿದರೆ ಸಭೆ ಎರಡಾಗುವ ಕಾಲ ಇದು. ಆದುದರಿಂದ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ, ನಾನು ಅರಸನನ್ನು ತೂಗಲು ತಕ್ಕಡಿ ಹಿಡಿದು ಬಂದವನಲ್ಲ. ನನಗೆ ಬೇಕಾದುದು ಸಿಂಹಾಸನದ ಮೇಲಣ ಟಿಪ್ಪುವಲ್ಲ, ಹಾಸಿಗೆಯ ಮೇಲಣ ಟಿಪ್ಪು. ಏಕೆಂದರೆ, ಕನ್ನಡ ನಾಡಿನಲ್ಲಿ ಬಾಳಿದ ಅರಸರ ಪೈಕಿ ತನ್ನ ಕನಸುಗಳನ್ನು ತನ್ನ ಕೈಯಿಂದಲೇ ಬರೆದಿಟ್ಟು, ಆ ಬರೆಹವು ನಮ್ಮ ಕಾಲದವರೆಗೆ ಉಳಿದುಬಂದಿರುವ ಇನ್ನೊಬ್ಬನನ್ನು ನಾನು ಕಂಡಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಅರಮನೆಯ ಕಾಗದಪತ್ರಗಳನ್ನು ಶೋಧಿಸುತ್ತಿದ್ದವರ ಕೈಗೆ, ಗುಪ್ತಪತ್ರಗಳ ನಡುವೆ ಒಂದು ಸಣ್ಣ ಪುಸ್ತಕ ಸಿಕ್ಕಿತು. ಪಾರಸಿ ಭಾಷೆ, ಸುಲ್ತಾನನ ಸ್ವಂತ ಅಕ್ಷರ. ಇಂಗ್ಲಿಷರ ಕಡೆಯ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ಕನು ಅದನ್ನು ಪರೀಕ್ಷಿಸಿದನು. ಟಿಪ್ಪುವಿನ ಮುನ್ಷಿಯಾಗಿದ್ದ ಹಬೀಬುಲ್ಲಾ, ಅಂತಹ ಪುಸ್ತಕವೊಂದಿರುವುದನ್ನು ಬಲ್ಲವನಾಗಿದ್ದರೂ ಅದರಲ್ಲಿ ಏನಿದೆಯೆಂದು ಎಂದೂ ನೋಡಿದವನಲ್ಲ. ಸುಲ್ತಾನನು ಅದನ್ನು ಓದುತ್ತಲೋ ಬರೆಯುತ್ತಲೋ ಇರುವಾಗ ಯಾರಾದರೂ ಹತ್ತಿರ ಸುಳಿದರೆ ಮರೆಮಾಡುತ್ತಿದ್ದನಂತೆ. ಒಳಗೆ ಇದ್ದುವು ಮೂವತ್ತೇಳು ಕನಸುಗಳು. 1785ರಿಂದ ಮೊದಲ್ಗೊಂಡು ಆಳ್ವಿಕೆಯ ಕೊನೆಯ ಕಾಲದವರೆಗಿನವು. 1800ರಲ್ಲಿ ಆ ಪುಸ್ತಕ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ ಕಾಣಿಕೆಯಾಗಿ ಲಂಡನ್ನಿಗೆ ಹೋಯಿತು. ಇಂದಿಗೂ ಅಲ್ಲಿಯೇ ಇದೆ. ಮಹಮೂದ್ ಹುಸೇನರ ಇಂಗ್ಲಿಷ್ ಅನುವಾದ 1957ರಲ್ಲಿ ಕರಾಚಿಯಲ್ಲಿ ಅಚ್ಚಾಯಿತು. ಗಿರೀಶ ಕಾರ್ನಾಡರು ಭಾರತ ಸ್ವಾತಂತ್ರ್ಯದ ಐವತ್ತನೆಯ ವರ್ಷದಲ್ಲಿ ಬಿಬಿಸಿ ಬಾನುಲಿಗಾಗಿ ಬರೆದ ನಾಟಕಕ್ಕೆ ಈ ಪುಸ್ತಕವೇ ಬೀಜ. ಹುಟ್ಟಿದ್ದು ದೇವನಹಳ್ಳಿಯಲ್ಲಿ, ಬಿದ್ದದ್ದು ಶ್ರೀರಂಗಪಟ್ಟಣದಲ್ಲಿ, ಕನಸುಗಳು ಲಂಡನ್ನಿನಲ್ಲಿ: ಒಬ್ಬ ಮನುಷ್ಯನು ಇದಕ್ಕಿಂತ ಹೆಚ್ಚಾಗಿ ಹಂಚಿಹೋಗಲಾರನು.

ಕನಸುಗಳೇನು? ಚೀನಾ ದೇಶದ ಚಕ್ರವರ್ತಿ ಕಳುಹಿದ ಬಿಳಿಯ ಆನೆಯುಂಟು. ಒಂದು ಪಾಳುಗುಡಿ, ಅದರೊಳಗಿನ ವಿಗ್ರಹಗಳ ಕಣ್ಣುಗಳು ಚಲಿಸುತ್ತಿರುವಂತೆ ಕಂಡು, ಅವುಗಳಲ್ಲಿ ಎರಡು ಸ್ತ್ರೀವಿಗ್ರಹಗಳೊಡನೆ ಮಾತಾಡಿ, ಕಟ್ಟಡವನ್ನು ದುರಸ್ತಿ ಮಾಡಿಸಿರೆಂದು ತನ್ನವರಿಗೆ ಅಪ್ಪಣೆ ಕೊಡುವ ವಿಚಿತ್ರವಾದ ಕನಸೂ ಉಂಟು. ಇವುಗಳಲ್ಲಿ ಎರಡನ್ನು ಮಾತ್ರ ಹತ್ತಿರದಿಂದ ನೋಡೋಣ.

ಮೊದಲನೆಯದು ಮರಾಠರೊಡನೆ 1785ರಿಂದ 1787ರವರೆಗೆ ನಡೆದ ಯುದ್ಧದ ಕಾಲದ್ದು. ಸವಣೂರು ಸೀಮೆಯ ದೇವಗಿರಿಯ ಬಳಿ ಹರಿಪಂತ ಫಡಕೆಯ ದಂಡಿನ ಮೇಲೆ ಬೀಳುವುದಕ್ಕೆ ಮುಂಚಿನ ರಾತ್ರಿಗಳಲ್ಲಿ ಒಂದು. ಸುಂದರನಾದ ಅಪರಿಚಿತ ತರುಣನೊಬ್ಬ ಬಂದು ಬಳಿಯಲ್ಲಿ ಕುಳಿತುಕೊಳ್ಳುತ್ತಾನೆ. ಹೆಂಗಸಿನೊಡನೆ ಆಡುವಂತಹ ಸರಸದ ಮಾತನ್ನು ಸುಲ್ತಾನನು ಅವನೊಡನೆ ಆಡಿಬಿಡುತ್ತಾನೆ. ಆಡಿದ ಕ್ಷಣವೇ, ಇದೇನಿದು, ಇಂತಹ ವಿನೋದ ನನ್ನ ರೂಢಿಯಲ್ಲವಲ್ಲ ಎಂದು ತನ್ನೊಳಗೇ ಅಂದುಕೊಳ್ಳುತ್ತಾನೆ. ತರುಣನು ಎದ್ದು ನಾಲ್ಕು ಹೆಜ್ಜೆ ನಡೆದು ತಿರುಗಿ ಬಂದು, ಮುಂಡಾಸಿನ ಕೆಳಗಿಂದ ಕೂದಲನ್ನು ಬಿಚ್ಚಿ, ಅಂಗಿಯ ಕಸೆಗಳನ್ನು ಸಡಿಲಿಸಲು, ನೋಡಿದರೆ ಹೆಣ್ಣು! ತನ್ನ ಊಹೆ ನಿಜವಾಯಿತೆಂದು ಸುಲ್ತಾನನು ಕನಸಿನಲ್ಲಿಯೇ ಹೇಳುತ್ತಾನೆ, ಅಷ್ಟರಲ್ಲಿ ಬೆಳಗಾಗುತ್ತದೆ. ಎದ್ದವನು ತನ್ನವರಿಗೆ ಕನಸನ್ನು ತಿಳಿಸಿ, ಗಂಡುಡುಗೆ ಉಟ್ಟಿರುವ ಮರಾಠರು ಹೆಂಗಸರೆಂದು ತೋರಿಬರುವರೆಂದು ಅರ್ಥ ಹೇಳಿದನು. ಎರಡು ದಿನಗಳಲ್ಲಿ ಇನ್ನೂರು ಮುನ್ನೂರು ಜನರೊಡನೆ ದಂಡಿನೊಳಕ್ಕೆ ನುಗ್ಗಿ ಶತ್ರುಗಳನ್ನು ಓಡಿಸಿದೆನೆಂದು ಕೆಳಗೆ ಬರೆದುಕೊಂಡನು.

ಈ ಬರೆಹದ ನಡುವಿನಲ್ಲಿ ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದುದು ಜಯವಲ್ಲ, 'ಇದು ನನ್ನ ರೂಢಿಯಲ್ಲ' ಎಂಬ ಆ ಒಳಮಾತು. ಕನಸು ಕಾಣುತ್ತಿರುವವನು ಕನಸಿನೊಳಗೇ ಒಂದು ಹೆಜ್ಜೆ ಹಿಂದೆ ಸರಿದು ತನ್ನ ನಡತೆಯನ್ನು ತಾನು ನೋಡಿದನು. ಇನ್ನೊಂದೇ ಹೆಜ್ಜೆ ಸರಿದಿದ್ದರೆ 'ಹಾಗಾದರೆ ಇದು ಕನಸಿರಬೇಕು' ಎಂಬ ಅರಿವು ಮೂಡುತ್ತಿತ್ತು. ಮೂಡಲಿಲ್ಲ. ಎಚ್ಚರದ ಹೊಸ್ತಿಲವರೆಗೆ ಬಂದು ಹಿಂದಿರುಗಿದನು.

ಎರಡನೆಯ ಕನಸು ಚಿಕ್ಕದು. ಮೂರು ಬೆಳ್ಳಿಯ ತಟ್ಟೆಗಳಲ್ಲಿ ಹಸಿ ಖರ್ಜೂರಗಳು. ಒಂದೊಂದೂ ಗೇಣುದ್ದ, ರಸತುಂಬಿದವು. ಅಷ್ಟೇ ಕಂಡದ್ದು. ಎದ್ದ ಮೇಲೆ ಬರೆದ ಅರ್ಥ ಮಾತ್ರ ಅಷ್ಟು ಚಿಕ್ಕದಲ್ಲ: ಮೂವರು ಶತ್ರುಗಳ ರಾಜ್ಯಗಳೂ ನನ್ನ ಕೈಸೇರುವುವು. ಇಂಗ್ಲಿಷರು, ನಿಜಾಮ, ಮರಾಠರು. ತಟ್ಟೆಗಳೂ ಮೂರು, ವೈರಿಗಳೂ ಮೂರು, ಲೆಕ್ಕ ಸರಿಹೋಯಿತು. ಕೊನೆಗೆ ಆದದ್ದೇನೆಂಬುದನ್ನು ಇಲ್ಲಿಯ ಶಾಲೆಯ ಮಕ್ಕಳೂ ಬಲ್ಲರು. ಇಂಗ್ಲಿಷರ ಸೇನೆಯೂ ನಿಜಾಮನ ಸೇನೆಯೂ ಒಟ್ಟಾಗಿಯೇ ಶ್ರೀರಂಗಪಟ್ಟಣದ ಗೋಡೆಯ ಮುಂದೆ ನಿಂತುವು.

ಖರ್ಜೂರ ಸುಳ್ಳು ಹೇಳಿತೇ? ಇಲ್ಲ. ಖರ್ಜೂರವು ರಾಜ್ಯದ ಮಾತನ್ನೇ ಎತ್ತಲಿಲ್ಲ. ಕನಸು ಕೊಟ್ಟುದು ಹಣ್ಣು. ಹಣ್ಣನ್ನು ರಾಜ್ಯವನ್ನಾಗಿ ಮಾಡಿದುದು ಹಗಲು, ಹಗಲಿನಲ್ಲಿ ಕುಳಿತ ಆಸೆ. ಮರಾಠರ ಕನಸಿನಲ್ಲಿ ಅದೃಷ್ಟವಶಾತ್ ಅರ್ಥವೂ ಘಟನೆಯೂ ಕೂಡಿಬಂದುವು, ಅಥವಾ ಆ ಅರ್ಥವು ಕೊಟ್ಟ ಧೈರ್ಯವೇ ಘಟನೆಯನ್ನು ಎಳೆದುತಂದಿತು. ಖರ್ಜೂರದ ಕನಸಿನಲ್ಲಿ ಕೂಡಿಬರಲಿಲ್ಲ. ಆದರೂ ಟಿಪ್ಪುವಿನಲ್ಲಿ ನಾನು ಮೆಚ್ಚುವ ಗುಣವೊಂದಿದೆ: ಈ ಎರಡು ಕನಸುಗಳಲ್ಲಿ ಕಂಡದ್ದನ್ನು ಕಂಡಂತೆ ಮೊದಲು ಬರೆದು, ತನ್ನ ಅರ್ಥವನ್ನು ಅದರ ಕೆಳಗೆ ಬೇರೆಯಾಗಿ ಬರೆದನು. ಎರಡನ್ನೂ ಕಲಸಿಬಿಟ್ಟಿದ್ದರೆ ನಮಗೆ ಇಂದು ಉಳಿಯುತ್ತಿದ್ದುದು ಬರಿಯ ಆಸೆ. ಬೇರೆಯಾಗಿ ಇಟ್ಟುದರಿಂದ ಖರ್ಜೂರ ಖರ್ಜೂರವಾಗಿಯೇ ಉಳಿಯಿತು.

ನಮ್ಮ ಪ್ರಾಚೀನ ವೈದ್ಯರು ಈ ವಿಷಯದಲ್ಲಿ ಅರಸರಿಗಿಂತ ಜಾಗರೂಕರು. ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿದೆ. ಕಂಡದ್ದರಿಂದ, ಕೇಳಿದ್ದರಿಂದ, ಅನುಭವಿಸಿದ್ದರಿಂದ, ಬಯಸಿದ್ದರಿಂದ, ಕಲ್ಪಿಸಿಕೊಂಡದ್ದರಿಂದ ಹುಟ್ಟುವ ಐದು ಬಗೆಯ ಕನಸುಗಳಿಗೆ ಫಲವಿಲ್ಲವೆಂದು ಸ್ಪಷ್ಟವಾಗಿ ಹೇಳಿ, ಮುಂದಾಗುವುದನ್ನು ಸೂಚಿಸುವುದು, ದೇಹದ ದೋಷದಿಂದ ಹುಟ್ಟುವುದು ಎಂಬ ಎರಡನ್ನು ಮಾತ್ರ ವೈದ್ಯನ ಗಮನಕ್ಕೆ ಬಿಟ್ಟಿದೆ. ಈ ಜರಡಿಯಲ್ಲಿ ಸೋಸಿದರೆ ನಮ್ಮ ಕನಸುಗಳಲ್ಲಿ ಎಷ್ಟು ಉಳಿದಾವು? ಮೂರು ತಟ್ಟೆ ಖರ್ಜೂರವು ಬಯಸಿದ್ದರಿಂದ ಹುಟ್ಟಿದ್ದೆಂದು ಚರಕನು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದನು. ವಿಮಾನ ನಿಲ್ದಾಣ ಬಂದಂದಿನಿಂದ ಈ ಸುತ್ತಿನಲ್ಲಿ ಭೂಮಿಯನ್ನು ಕುರಿತು ಬಿದ್ದಿರುವ ಕನಸುಗಳನ್ನೂ ಅದೇ ಜರಡಿಗೆ ಹಾಕಬಹುದೆಂದು ತೋರುತ್ತದೆ.

ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ: ಇರುಳಿನ ಮೊದಲ ಭಾಗದ ಕನಸಿಗೆ ಫಲ ಅಲ್ಪ, ಕಂಡ ಮೇಲೆ ಮತ್ತೆ ನಿದ್ರೆ ಹೋಗದಂತಹ ಕನಸಿಗೆ ಫಲ ಹೆಚ್ಚು. ಬೆಳಗಿನ ಜಾವದ ಕನಸು ನಿಜವಾಗುತ್ತದೆಂದು ನಮ್ಮಜ್ಜಿ ಹೇಳುತ್ತಿದ್ದುದರ ಬೇರು ಇಂತಹ ಕಡೆಯಲ್ಲಿರಬೇಕು. ಇದಕ್ಕೆ ಆಧುನಿಕ ವಿಜ್ಞಾನವು ಅನಿರೀಕ್ಷಿತವಾದೊಂದು ಭಾಷ್ಯವನ್ನು ಬರೆದಿದೆ. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಆಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ನರು, ನಿದ್ರಿಸುವವರ ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣುಗುಡ್ಡೆಗಳು ಆಗಾಗ್ಗೆ ವೇಗವಾಗಿ ಅತ್ತಿತ್ತ ಓಡುವುದನ್ನೂ, ಆ ಹೊತ್ತಿನಲ್ಲಿ ಎಬ್ಬಿಸಿದರೆ ಬಹುಮಂದಿ ಕನಸನ್ನು ಹೇಳುವುದನ್ನೂ ಪ್ರಕಟಿಸಿದರು. ಆಸೆರಿನ್‌ಸ್ಕಿ ತನ್ನ ಎಂಟು ವರ್ಷದ ಮಗನನ್ನೇ ಯಂತ್ರಕ್ಕೆ ಕಟ್ಟಿ ಮಲಗಿಸಿ ಇದನ್ನು ನೋಡಿದ್ದನು. ಸುಮಾರು ತೊಂಬತ್ತು ನಿಮಿಷಗಳಿಗೊಮ್ಮೆ ಬರುವ ಈ ಘಟ್ಟ ರಾತ್ರಿಯಲ್ಲಿ ನಾಲ್ಕೈದು ಸಾರಿ ಮರಳುತ್ತದೆ. ಮೊದಲ ಸಲ ಕೆಲವೇ ನಿಮಿಷ, ಬೆಳಗಿನತ್ತ ಸಾಗಿದಂತೆ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆ ಹೊತ್ತಿನಲ್ಲಿ ಮಿದುಳು ಹಗಲಿನಂತೆ ಉರಿಯುತ್ತಿರುತ್ತದೆ, ಕೈಕಾಲುಗಳ ಸ್ನಾಯುಗಳು ಮಾತ್ರ ಸಡಿಲಗೊಂಡು, ಕಟ್ಟಿಹಾಕಿದಂತೆ ನಿಶ್ಚಲವಾಗಿರುತ್ತವೆ. ಇಲ್ಲದಿದ್ದರೆ ಹಾವಿನ ಕನಸು ಬಿದ್ದವರೆಲ್ಲ ಎದ್ದು ಓಡಬೇಕಾಗುತ್ತಿತ್ತು. ಹೀಗಾಗಿ ಬೆಳಗಿನ ಜಾವದ ಕನಸು ಅತ್ಯಂತ ದೀರ್ಘ, ಅದರ ಬೆನ್ನಿಗೇ ಏಳುವುದರಿಂದ ನೆನಪು ಸ್ಪಷ್ಟ. ಅಜ್ಜಿ ಕಂಡುದು ನಿಜ, ಕಾರಣ ಬೇರೆ. ನಮ್ಮ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ರಾತ್ರಿಪಾಳಿಯಲ್ಲಿ ದುಡಿಯುವ ತರುಣ ತರುಣಿಯರು ಕಳೆದುಕೊಳ್ಳುತ್ತಿರುವುದು ಬರಿಯ ನಿದ್ರೆಯನ್ನಲ್ಲ, ಸರಿಯಾಗಿ ಆ ಬೆಳಗಿನ ಜಾವವನ್ನು. ಅದಕ್ಕೆ ಕೂಲಿಯಲ್ಲಿ ಲೆಕ್ಕವಿಲ್ಲ.

ಕನಸಿನ ಪ್ರಯೋಜನವೇನೆಂಬ ಪ್ರಶ್ನೆಗೆ ಪಶ್ಚಿಮದ ಪಂಡಿತರು ಕೊಟ್ಟಿರುವ ಉತ್ತರಗಳನ್ನೆಲ್ಲ ಒಪ್ಪಿಸುವುದಕ್ಕೆ ಹೋಗುವುದಿಲ್ಲ. ಅದುಮಿಟ್ಟ ಬಯಕೆ ವೇಷ ಹಾಕಿಕೊಂಡು ಬರುತ್ತದೆಂದು 1900ರಲ್ಲಿ ಫ್ರಾಯ್ಡ್. ಮಿದುಳಿನ ಬುಡದಿಂದ ಹೊಮ್ಮುವ ಗೊತ್ತುಗುರಿಯಿಲ್ಲದ ಸ್ಪಂದನಗಳಿಗೆ ಮೇಲಣ ಮಿದುಳು ಹೇಗೋ ಒಂದು ಕಥೆ ಹೆಣೆಯುತ್ತದೆಂದು 1977ರಲ್ಲಿ ಹಾಬ್ಸನ್ ಮತ್ತು ಮೆಕಾರ್ಲಿ. ಬೇಡದ ನೆನಪುಗಳನ್ನು ಮರೆಯುವುದಕ್ಕಾಗಿಯೇ ಕನಸೆಂದು 1983ರಲ್ಲಿ ಕ್ರಿಕ್ ಮತ್ತು ಮಿಚಿಸನ್. ಅಪಾಯಗಳನ್ನು ಎದುರಿಸುವ ತಾಲೀಮೆಂದು 2000ದಲ್ಲಿ ಫಿನ್ಲೆಂಡಿನ ರೆವೊನ್ಸುವೊ. ಈ ಕೊನೆಯವನು ನನ್ನ ತಾಯಿಯ ಮಾತನ್ನು ಗಮನವಿಟ್ಟು ಕೇಳುತ್ತಿದ್ದನು; ಹಾವನ್ನು ಕನಸಿನಲ್ಲಿ ನೂರು ಬಾರಿ ಕಂಡವಳು ನೂಲಿನ ಬುಟ್ಟಿಗೆ ಕೈಹಾಕುವ ಮುನ್ನ ಒಮ್ಮೆ ಬಗ್ಗಿ ನೋಡಿಯಾಳು. ನನಗೆ ಎಲ್ಲಕ್ಕಿಂತ ಹಿಡಿಸಿದುದು ಒಂದು ಸಣ್ಣ ಪ್ರಯೋಗ. ಹಾರ್ವರ್ಡಿನ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು ಜನರಿಗೆ ಟೆಟ್ರಿಸ್ ಎಂಬ, ಚೌಕದ ತುಂಡುಗಳು ಮೇಲಿಂದ ಜಾರಿಬೀಳುವ ಯಂತ್ರದ ಆಟವನ್ನು ಆಡಿಸಿ, ನಿದ್ರೆ ಹತ್ತುವಾಗ ಏನು ತೋರುತ್ತದೆಂದು ಕೇಳಿದರು. ತುಂಡುಗಳು ಬೀಳುವುದೇ ತೋರಿತು. ಅದರಲ್ಲಿ ವಿಶೇಷವೇನೆಂದರೆ, ಅವರ ಪೈಕಿ ಸ್ಮೃತಿನಾಶವಾದ ರೋಗಿಗಳು ಕೆಲವರಿದ್ದರು. ಆಟವನ್ನು ಆಡಿದುದೇ ಅವರಿಗೆ ನೆನಪಿರಲಿಲ್ಲ. ತುಂಡುಗಳು ಮಾತ್ರ ಅವರಿಗೂ ಬಿದ್ದುವು. ಇದನ್ನು ಓದಿದಾಗ ನನಗೆ ತಂದೆಯ ಬಲಗೈ ನೆನಪಾಯಿತು. ಕೊನೆಗಾಲದಲ್ಲಿ ಮಕ್ಕಳ ಹೆಸರನ್ನೂ ಮರೆತಿದ್ದ ಅವರು ಮಧ್ಯಾಹ್ನದ ನಿದ್ರೆಯಲ್ಲಿ ಕೈಯನ್ನು ಸಣ್ಣಗೆ ಎಳೆಯುತ್ತಿದ್ದರು, ಬಿಡುತ್ತಿದ್ದರು. ಲಾಳಿಯನ್ನು ಓಡಿಸುವ ಎಳೆತ ಅದು. ಮಗ್ಗ ಮಾರಿ ಇಪ್ಪತ್ತು ವರ್ಷಗಳಾಗಿದ್ದುವು.

ಇನ್ನು ಕನಸಿನೊಳಗಣ ಎಚ್ಚರ. ನಿದ್ರಿಸುವವನ ಮನಸ್ಸಿನಲ್ಲಿ ಕೆಲವು ವೇಳೆ ಇದು ಕನಸೆಂದು ಹೇಳುವುದೊಂದಿರುತ್ತದೆಂದು ಗ್ರೀಕರ ಅರಿಸ್ಟಾಟಲನು ಬರೆದಿದ್ದಾನೆ. ಆದರೂ, ಕನಸಿನಲ್ಲಿದ್ದೇನೆಂದು ತಿಳಿದವನು ಕನಸಿನಲ್ಲಿರಲು ಹೇಗೆ ಸಾಧ್ಯ, ಎದ್ದೇ ಇರಬೇಕೆಂದು ಬಹುಕಾಲ ಪಂಡಿತರು ಗೇಲಿಮಾಡುತ್ತಿದ್ದರು. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬಾತ ಒಂದು ಉಪಾಯ ಹೂಡಿದನು. ಕೈಕಾಲು ಕಟ್ಟಿಹೋಗಿದ್ದರೂ ಕಣ್ಣು ಚಲಿಸುತ್ತದೆಯಲ್ಲವೆ? ಕನಸೆಂದು ತಿಳಿದೊಡನೆ ಕಣ್ಣನ್ನು ಎಡಕ್ಕೆ ಬಲಕ್ಕೆ ಇಷ್ಟು ಸಲ ಹೊರಳಿಸೆಂದು ಮಲಗುವವನಿಗೆ ಮೊದಲೇ ಹೇಳಿಟ್ಟನು. ಯಂತ್ರವು ಗಾಢವಾದ ಕನಸಿನ ನಿದ್ರೆಯನ್ನು ತೋರಿಸುತ್ತಿರುವಾಗಲೇ, ಒಪ್ಪಂದದಂತೆ, ಆ ಸಂಕೇತ ಬಂದಿತು. ಮುಂದಿನ ಕೆಲವು ವರ್ಷಗಳಲ್ಲಿ ಸ್ಟಾನ್‌ಫರ್ಡಿನಲ್ಲಿ ಸ್ಟೀಫನ್ ಲಾಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿದನು. 2021ರಲ್ಲಿ ನಾಲ್ಕು ದೇಶಗಳ ಪ್ರಯೋಗಶಾಲೆಗಳು ಸೇರಿ, ಕನಸು ಕಾಣುತ್ತಿರುವವನಿಗೆ ಎಂಟರಲ್ಲಿ ಆರು ಕಳೆದರೆಷ್ಟೆಂದು ಕೇಳಲು, ಎರಡೆಂದು ಕಣ್ಣಿನಿಂದ ಉತ್ತರ ಪಡೆದುವು. ಎಲ್ಲರೂ ಉತ್ತರಿಸಲಿಲ್ಲ, ಉತ್ತರಿಸಿದವರು ಪ್ರತಿಸಲವೂ ಉತ್ತರಿಸಲಿಲ್ಲ. ಆದರೂ ಎರಡು ಲೋಕಗಳ ನಡುವೆ ಲೆಕ್ಕವೊಂದು ದಾಟಿತು.

ಈ ಅನುಭವ ನನಗೆ ಆಯುಷ್ಯದಲ್ಲಿ ಒಮ್ಮೆ ಮಾತ್ರ ಸ್ಪಷ್ಟವಾಗಿ ಆಗಿದೆ. ಹಳೆಯ ಮನೆ, ನಡುಮನೆಯಲ್ಲಿ ಮಗ್ಗ, ತಂದೆ ಕುಳಿತು ನೇಯುತ್ತಿದ್ದಾರೆ, ಹಾಸಿನ ಎಳೆಗಳ ಮೇಲೆ ದೀಪದ ಬೆಳಕು ಬಿದ್ದಿದೆ, ಹಸಿರು ಸೀರೆ, ಅರಿಸಿನದ ಅಂಚು. ನಾನು ಗೋಡೆಗೊರಗಿ ನೋಡುತ್ತಿದ್ದೇನೆ. ಏನೋ ಕೊರತೆ. ಏನೆಂದು ತಿಳಿಯದು. ಲಾಳಿ ಓಡುತ್ತಿದೆ, ಮರಳುತ್ತಿದೆ, ಓಡುತ್ತಿದೆ. ಸದ್ದಿಲ್ಲ! ಮಗ್ಗ ನಡೆಯುತ್ತಿದೆ, ಸದ್ದಿಲ್ಲ. ಅಜ್ಜಿಯಾಗಿದ್ದರೆ ಎದ್ದುಬಿಡುತ್ತಿದ್ದಳು, ನಾನು ಏಳಲಿಲ್ಲ, ಓಹೋ, ಇದು ಕನಸು, ತಂದೆ ಹೋಗಿ ಎಷ್ಟು ಕಾಲವಾಯಿತು ಎಂದು ಮಲಗಿದ್ದಂತೆಯೇ ತಿಳಿಯಿತು. ತಿಳಿದ ಮೇಲೂ ಕೆಲವು ಕ್ಷಣ ಅವರು ನೇಯುತ್ತಿದ್ದರು. ಮಾತಾಡಿಸಬಹುದಾಗಿತ್ತು, ಕೇಳಬೇಕಾದ ಮಾತುಗಳಿದ್ದುವು. ನಾನು ಬೆರಳು ಹಾಕಿ ಅಂಚನ್ನು ಮುಟ್ಟಿ ನೋಡಿದೆ, ಅಷ್ಟೆ. ಹೊಸ ರೇಷ್ಮೆಯ ಒರಟು ಬೆರಳಿಗೆ ತಾಕಿತು. ಸಂತೋಷ ಹೆಚ್ಚಾಗಿ ಎದ್ದುಬಿಟ್ಟೆ.

ಇಂತಹ ಅರಿವನ್ನು ಅಭ್ಯಾಸದಿಂದ ತಂದುಕೊಳ್ಳಬಹುದೆಂದೂ, ಕನಸಿನಲ್ಲಿ ಬೇಕಾ‌ದಂತೆ ಹಾರಾಡಬಹುದೆಂದೂ ಇಂದು ಕಲಿಸುವವರಿದ್ದಾರೆ. ದುಃಸ್ವಪ್ನದ ಬಾಧೆಯಿಂದ ನರಳುವವನು ಬೆನ್ನಟ್ಟಿ ಬರುವ ಹುಲಿಯನ್ನು ತಿರುಗಿ ನೋಡಿ, ನೀನು ಕನಸಿನ ಹುಲಿಯೆನ್ನಲು ಕಲಿತರೆ ಅದು ಉಪಕಾರವೇ ಸರಿ. ಬರಿಯ ಹಾರಾಟದಲ್ಲಿ ನನಗೆ ರುಚಿಯಿಲ್ಲ. ಕನಸನ್ನೂ ನಮ್ಮ ಆಸೆಯ ಅಪ್ಪಣೆಗೆ ಒಳಪಡಿಸಿದರೆ, ಖರ್ಜೂರವನ್ನು ಹಗಲಿನಲ್ಲಿ ರಾಜ್ಯ ಮಾಡುವ ಬದಲು ರಾತ್ರಿಯಲ್ಲಿಯೇ ಮಾಡಿಕೊಂಡಂತಾಯಿತು.

ಈ ನಾಡಿನಲ್ಲಿ ಈ ವಿಷಯವನ್ನು ಮನರಂಜನೆಗಲ್ಲದೆ ತತ್ತ್ವನಿರ್ಣಯಕ್ಕಾಗಿ ಹಿಡಿದವರಿದ್ದಾರೆ. ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಜನಕನಿಗೆ, ಕನಸಿನಲ್ಲಿ ರಥವಿಲ್ಲ, ಕುದುರೆಯಿಲ್ಲ, ದಾರಿಯಿಲ್ಲ, ಅವನೇ ಅವನ್ನು ನಿರ್ಮಿಸಿಕೊಳ್ಳುತ್ತಾನೆ, ಅಲ್ಲಿ ಅವನಿಗೆ ಅವನೇ ಬೆಳಕು ಎಂಬರ್ಥದಲ್ಲಿ ಉಪದೇಶಿಸುತ್ತಾನೆ. ಈ ಬೆಳಕಿನ ಮಾತನ್ನು ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರಿನಲ್ಲಿ ಮತ್ತೆ ಎತ್ತಿಕೊಂಡವರು ಕೆ. ಎ. ಕೃಷ್ಣಸ್ವಾಮಿ ಅಯ್ಯರ್, ಅವರ ಇಂಗ್ಲಿಷ್ ಗ್ರಂಥ 1930ರಲ್ಲಿ ಬಂದಿತು. ಅವರಿಂದ ಅವಸ್ಥಾತ್ರಯವಿಚಾರವನ್ನು ಗ್ರಹಿಸಿದ ವೈ. ಸುಬ್ಬರಾಯರು, ಮುಂದೆ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳಾದವರು, 1920ರಲ್ಲಿ ಅಧ್ಯಾತ್ಮಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿ, ಹೊಳೆನರಸೀಪುರದಲ್ಲಿ ನೆಲೆನಿಂತು, ತಿಳಿಯಾದ ಕನ್ನಡದಲ್ಲಿ ಅದನ್ನು ಸಾಮಾನ್ಯರಿಗೆ ಹಂಚಿದರು. ಅವರ ವಾದದ ಹುರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಎಚ್ಚರದಲ್ಲಿ ಕುಳಿತು ಕನಸನ್ನು ಅಳೆಯುವವನು ಪಕ್ಷಪಾತಿ, ಏಕೆಂದರೆ ಅವನು ಮೊಕದ್ದಮೆಯಲ್ಲಿ ಒಬ್ಬ ಕಕ್ಷಿಗಾರ. ಎಚ್ಚರ, ಕನಸು, ಗಾಢನಿದ್ರೆ ಮೂರನ್ನೂ ಸಮನಾಗಿ ಮುಂದಿಟ್ಟುಕೊಂಡು, ಮೂರಕ್ಕೂ ಸಾಕ್ಷಿಯಾದುದು ಯಾವುದೆಂದು ಕೇಳಬೇಕು. ಮುಪ್ಪಿನ ಷಡಕ್ಷರಿಯ ತಿರುಕನ ಕನಸನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ ಮುರುಕು ಛತ್ರದಲ್ಲಿ ಮಲಗಿದವನು ಅರಸಾದ ಕಥೆ ಗೊತ್ತು. ಅವನು ಎದ್ದಾಗ ಕಳೆದುಕೊಂಡುದನ್ನು ಕಂಡು ನಕ್ಕೆವು. ಛತ್ರವೂ ಅರಮನೆಯೂ ಯಾರಿಗೆ ತೋರಿದುವು ಎಂದು ಮೇಷ್ಟ್ರು ಕೇಳಲಿಲ್ಲ, ನಾವೂ ಕೇಳಲಿಲ್ಲ. ಅಜ್ಜಿಯ ಕಿವಿ ಬಲ್ಲುದು.

ಹೀಗೆ ಹೇಳಿದರೂ ವೇದಾಂತದ ಆ ಶಿಖರದ ಮೇಲೆ ನಿಂತು ಮಾತಾಡುವ ಅರ್ಹತೆ ನನಗಿಲ್ಲ. ನನ್ನ ನಿಲುವು ಅದಕ್ಕಿಂತ ಕೆಳಗಿನದು, ಮನೆಯ ಮಟ್ಟದ್ದು. ಕನಸಿನಲ್ಲಿ ಎಚ್ಚರವಾಗಿರುವುದು ಕೆಲವರಿಗೆ, ಕೆಲವು ಬಾರಿ, ಕೆಲವು ಕ್ಷಣ ಸಿಕ್ಕುವ ಭಾಗ್ಯ. ಎಲ್ಲರಿಗೂ ಪ್ರತಿದಿನ ಸಾಧ್ಯವಾದುದು ಕನಸಿನ ಅರ್ಥವನ್ನು ಹೇಳುವಾಗಿನ ಎಚ್ಚರ. ಕನಸು ನಮ್ಮನ್ನು ಮೋಸಗೊಳಿಸುವುದು ರಾತ್ರಿಯಲ್ಲಲ್ಲ, ಬೆಳಗ್ಗೆ ಎದ್ದು ಕಾಫಿಯ ಲೋಟ ಹಿಡಿದು ಅದಕ್ಕೆ ನಾವು ಅರ್ಥ ಕಟ್ಟುವ ಆ ಐದು ನಿಮಿಷಗಳಲ್ಲಿ. ಕನಸಿನ ಪ್ರಯೋಜನವೇನೆಂದು ಕೇಳಿದರೆ ನಾನು ಹೇಳುವುದಿಷ್ಟೆ: ಹಗಲಿನಲ್ಲಿ ನಾವು ಒಪ್ಪಿಕೊಳ್ಳದ ಭಯವನ್ನೂ ಆಸೆಯನ್ನೂ ಅದು ಹಣ್ಣಾಗಿಯೋ ಹಾವಾಗಿಯೋ ಎದುರಿಗಿಡುತ್ತದೆ. ಘಾಟಿಯ ಗರ್ಭಗುಡಿಯ ಕನ್ನಡಿ ಮಾಡುವ ಕೆಲಸವೂ ಅದೇ. ಕಲ್ಲಿನ ಬೆನ್ನಿನಲ್ಲಿರುವುದನ್ನು ತೋರಿಸುತ್ತದೆ, ಅರ್ಥ ಹೇಳುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಅನೇಕರು ಕುಳಿತಿದ್ದೀರಿ. ನಿಮ್ಮಲ್ಲಿ ನನ್ನದೊಂದು ಪ್ರಾರ್ಥನೆ. ಟಿಪ್ಪುವಿನ ಮೂವತ್ತೇಳು ಕನಸುಗಳು ಉಳಿದುವು, ಏಕೆಂದರೆ ಅವನು ಸುಲ್ತಾನ. ಹೊಸಕೋಟೆಯ ರೈತನ, ನೆಲಮಂಗಲದ ಬಳೆಗಾರ್ತಿಯ, ದೊಡ್ಡಬಳ್ಳಾಪುರದ ನೇಕಾರನ ಕನಸುಗಳು ಒಲೆಯ ಮುಂದೆ ಹೇಳಿದೊಡನೆ ಹೊಗೆಯೊಡನೆ ಹೋದುವು. ನಿಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ; ಅವರಿಗೆ ಇನ್ನೂ ಕನಸು ಬೀಳುತ್ತಿದೆ. ಎರಡು ರೂಲಿನ ಒಂದು ನೋಟುಪುಸ್ತಕ ತೆಗೆದುಕೊಂಡು, ಎಡಗಡೆಯ ಪುಟದಲ್ಲಿ ತಾರೀಖು ಹಾಕಿ, ಅವರು ಹೇಳಿದಂತೆಯೇ, ಅವರದೇ ಮಾತಿನಲ್ಲಿ ಬರೆದಿಡಿ, ತಿದ್ದಬೇಡಿ. ಅರ್ಥವನ್ನು ಕೇಳಲೂ ಬೇಡಿ, ಹೇಳಲೂ ಬೇಡಿ. ಬಲಗಡೆಯ ಪುಟವನ್ನು ಖಾಲಿ ಬಿಡಿ.